ಕಡಲ ದಂಡೆಗೆ ಗಿಡದ ಬೇಲಿ



ಮುಂಗಾರು ಸಮೀಪಿಸಿದೆ. ಶಾಲೆಗಳು ತೆರೆದೊಡನೆ ವನಮಹೋತ್ಸವದ ಸಿದ್ಧತೆ ಆರಂಭವಾಗುತ್ತದೆ. ಗುಂಡಿ ತೋಡುವುದು, ಸಸಿ ನೆಡುವುದು, ಭಾಷಣ ಎಲ್ಲವೂ ಒಂದೇ ಬೆಳಗಿನಲ್ಲಿ ಮುಗಿಯುತ್ತವೆ. ಆ ಸಸಿಗೆ ಬರುವ ಬೇಸಿಗೆಯಲ್ಲಿ ನೀರೆರೆಯುವವರು ಯಾರೆಂದು ಮಾತ್ರ ಯಾರೂ ಕೇಳುವುದಿಲ್ಲ. ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಕರಾವಳಿಗೆ ಈ ಪ್ರಶ್ನೆ ಬಹು ಮುಖ್ಯವಾದುದು.

ಸ್ವಂತ ಅನುಭವದಿಂದಲೇ ಈ ಮಾತು ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಮಕ್ಕಳಿಂದ ೨೦೦ ಗಾಳಿಮರದ ಸಸಿಗಳನ್ನು ನೆಡಿಸಿದೆ. ತೆರೆ ಬಂದು ಮುಟ್ಟುವ ಬರಿ ಮರಳಿನಲ್ಲಿ ನೆಡಿಸಿದ್ದು ನನ್ನದೇ ತಪ್ಪು. ಆಷಾಢದ ಕಡಲಬ್ಬರಕ್ಕೆ ಅರ್ಧ ಹೋದವು. ಉಳಿದವನ್ನು ದನಗಳು ತುಳಿದವು. "ಸಾರ್, ನಮ್ಮ ಗಿಡ ಎಲ್ಲಿ?" ಎಂದು ಮಕ್ಕಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ದಂಡೆಯಲ್ಲಿ ನೆಡುವುದಕ್ಕೆ ಒಂದು ಕ್ರಮವಿದೆ. ಮೊದಲು ಬಳ್ಳಿ, ಅದರ ಹಿಂದೆ ಪೊದೆ, ಅದರ ಹಿಂದೆ ಮರ, ಕೊನೆಗೆ ಹಿತ್ತಲು. ಅಡುಂಬು ಬಳ್ಳಿಯ ೨-೩ ಅಡಿ ತುಂಡುಗಳನ್ನು ಮಳೆ ಹಿಡಿದ ಮೇಲೆ ಅಡ್ಡಲಾಗಿ ಹೂತು, ತುದಿಯನ್ನು ಹೊರಗೆ ಬಿಡಿ. ಗೆಣ್ಣುಗಳಲ್ಲಿ ಬೇರು ಬಿಟ್ಟು ಅದು ಮರಳನ್ನು ಹಿಡಿಯುತ್ತದೆ. ಅದರ ಹಿಂದೆ ಕೇದಗೆಯನ್ನು ಹಚ್ಚಿ. ಮೂರನೆಯ ಸಾಲಿಗೆ ಸುರಹೊನ್ನೆ ಯೋಗ್ಯ. ಇದು ಉಪ್ಪುಗಾಳಿಗೆ ಜಗ್ಗದ ಮರ. ಬೀಜದ ಎಣ್ಣೆಯಿಂದ ಹಿಂದೆ ದೀಪ ಉರಿಸುತ್ತಿದ್ದರು. ಗಟ್ಟಿ ಚಿಪ್ಪನ್ನು ಮೆಲ್ಲಗೆ ಒಡೆದು ಬಿತ್ತಿದರೆ ಬೀಜ ಬೇಗ ಮೊಳೆಯುತ್ತದೆ. ಬೀಜ ಆರಿಸಿ ತರುವ ಕೆಲಸ ಮಕ್ಕಳಿಗೆ ಆಟವೇ ಸರಿ.

ಕಾಂಡ್ಲಾ ಗಿಡವನ್ನು ಮಾತ್ರ ಈ ಮರಳಿನಲ್ಲಿ ನೆಡಬೇಡಿ. ಅದರ ಸ್ಥಳ ಉಬ್ಬರ ಇಳಿತವಿರುವ ಅಳಿವೆಯ ಕೆಸರು. ತಾಯಿಮರದಲ್ಲೇ ಮೊಳೆತು ಕೋಲಿನಂತೆ ಜೋತುಬಿದ್ದ ಬಲಿತ ಸಸಿಯನ್ನು, ಮೂರರಲ್ಲಿ ಒಂದು ಭಾಗ ಕೆಸರಿನಲ್ಲಿರುವಂತೆ ಊರಿದರೆ ಸಾಕು. ಅಘನಾಶಿನಿ ಅಳಿವೆಯ ಗಜನಿಗಳಲ್ಲಿ ಕಗ್ಗ ಭತ್ತ ಬೆಳೆಯುವ ರೈತರಿಗೆ, ಕಟ್ಟೆಯ ಹೊರಬದಿಯ ಕಾಂಡ್ಲಾ ಅಲೆಯ ಹೊಡೆತವನ್ನು ತಗ್ಗಿಸುತ್ತದೆಂಬುದು ತಿಳಿದ ವಿಷಯ. ಅದರ ಬೇರುಗಳ ನಡುವೆ ಸಿಗಡಿ, ಏಡಿಗಳ ಮರಿ ಬೆಳೆಯುತ್ತವೆ.

ಗಿಡ ನೆಟ್ಟರೆ ಕಡಲೇ ನಿಂತುಬಿಡುತ್ತದೆಂದು ನಾನು ಹೇಳಲಾರೆ. ಆದರೆ ೨೦೦೪ರ ಸುನಾಮಿಯಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ದಟ್ಟ ಮರಗಳ ಹಿಂದಿದ್ದ ಊರುಗಳಿಗೆ ಹಾನಿ ಕಡಿಮೆಯಾಯಿತು. ೨೦೨೧ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ದಂಡೆಯನ್ನು ಹೇಗೆ ಕೊರೆಯಿತೆಂಬುದನ್ನು ಕರಾವಳಿಯ ಓದುಗರು ಕಣ್ಣಾರೆ ಕಂಡಿದ್ದಾರೆ.

ಈ ಬೇಲಿಯ ಮರೆಯಲ್ಲಿ ಹಿತ್ತಲು ಚೆನ್ನಾಗಿ ಬರುತ್ತದೆ. ಮರಳು ನೆಲದಲ್ಲಿ ತೆಂಗಿಗೆ ೩ ಅಡಿ ಗುಂಡಿ ತೆಗೆದು, ತಳದಲ್ಲಿ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲಾಗಿ ಎರಡು ಪದರ ಹರಡಿ, ತೇವ ನಿಲ್ಲುತ್ತದೆ. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು. ಪಕ್ಕದಲ್ಲಿ ಬಸಳೆಯ ಚಪ್ಪರ. ಬಾವಿಗೆ ಪಂಪು ಹಚ್ಚಿ ಅತಿಯಾಗಿ ನೀರೆತ್ತಿದರೆ ಉಪ್ಪುನೀರು ಒಳನುಗ್ಗುತ್ತದೆ, ಎಚ್ಚರವಿರಲಿ.

ಕೆಲಸಕ್ಕೆ ಮೊದಲು ಶಿಕ್ಷಕರು, ಪಂಚಾಯಿತಿಯವರು, ಮೀನುಗಾರ ಬಂಧುಗಳು ಒಟ್ಟಿಗೆ ಕೂತು ಮಾತನಾಡತಕ್ಕದ್ದು. ದೋಣಿ ಎಳೆಯುವ ದಾರಿ, ಬಲೆ ಒಣಗಿಸುವ ಜಾಗ ಬಿಟ್ಟೇ ನೆಡಬೇಕು. ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆಯುವುದು ಅವಶ್ಯ. ಪ್ರತಿ ಮಗುವಿಗೆ ಎರಡೇ ಗಿಡ ಸಾಕು: ದಂಡೆಯಲ್ಲೊಂದು, ಹಿತ್ತಲಲ್ಲೊಂದು. ಬೇಸಿಗೆ ರಜೆಯಲ್ಲಿ ನೀರೆರೆಯುವ ಸರದಿ ಆ ಮನೆಯವರದಾಗಲಿ.

ಮುಂದಿನ ವರ್ಷ ಶಾಲೆ ತೆರೆದ ದಿನ, ಎಷ್ಟು ನೆಟ್ಟೆವೆಂಬುದನ್ನಲ್ಲ, ಎಷ್ಟು ಉಳಿದವೆಂಬುದನ್ನು ಕರಿಹಲಗೆಯ ಮೇಲೆ ಬರೆಯಿಸಿ. ಲೆಕ್ಕ ಹೇಳಬೇಕಾದವರು ಮಕ್ಕಳಲ್ಲ, ನಾವು ದೊಡ್ಡವರು.