ಮೂಲಾ ನಕ್ಷತ್ರದ ಮೂಲ



ಕಳೆದ ತಿಂಗಳು ತಾಯಿಯೊಬ್ಬರಿಂದ ನಮಗೊಂದು ಪತ್ರ ಬಂದಿತು. ಶರಣು ಶರಣಾರ್ಥಿಗಳೊಂದಿಗೆ ಆರಂಭವಾದ ಆ ಪತ್ರದ ತುಂಬ ಸಂಕಟವೇ ಇದ್ದಿತು. ಅವರ ಮಗಳು ಓದಿದವಳು, ಗುಣವಂತೆ, ಕೆಲಸದಲ್ಲಿರುವವಳು. ಗಂಡಿನ ಕಡೆಯವರು ಬಂದು ನೋಡಿ ಒಪ್ಪಿ, ಮಾತುಕತೆಯ ದಿನವನ್ನೂ ಸೂಚಿಸಿ ಹೋದರಂತೆ. ನಾಲ್ಕು ದಿನಗಳ ಅನಂತರ ಬಂದ ಉತ್ತರ ಒಂದೇ ಸಾಲಿನದು: ಹುಡುಗಿಯದು ಮೂಲಾ ನಕ್ಷತ್ರ, ಮಾವನಿಗೆ ಆಗಿಬರುವುದಿಲ್ಲ. ಹೀಗೆ ಕೈತಪ್ಪಿದ ಸಂಬಂಧ ಇದು ಮೂರನೆಯದು. ‘ಆ ನಕ್ಷತ್ರಕ್ಕೂ ನನ್ನ ಮಗಳಿಗೂ ಏನು ಸಂಬಂಧ?’ ಎಂದು ಆ ತಾಯಿ ಕೇಳಿದ್ದಾರೆ.

ಸಮಾಧಾನದ ನಾಲ್ಕು ಮಾತು ಬರೆದು ಕೈತೊಳೆದುಕೊಳ್ಳುವುದು ನಮಗೆ ಸುಲಭವಾಗಿತ್ತು. ಆದರೆ ಪ್ರಶ್ನೆ ನಕ್ಷತ್ರವನ್ನು ಕುರಿತದ್ದು. ಆದ್ದರಿಂದ ಆ ನಕ್ಷತ್ರದ ಜಾತಕವನ್ನೇ ಈ ಸಲ ಬಿಡಿಸಿ ನೋಡೋಣ.

ಮೊದಲು, ಜನ್ಮನಕ್ಷತ್ರವೆಂದರೇನು? ಚಂದ್ರನು ಭೂಮಿಯನ್ನು ಸುಮಾರು ಇಪ್ಪತ್ತೇಳು ದಿನಗಳಲ್ಲಿ ಒಮ್ಮೆ ಸುತ್ತುತ್ತಾನೆ. ಆ ದಾರಿಯನ್ನು ನಮ್ಮ ಹಿರಿಯರು ಇಪ್ಪತ್ತೇಳು ಭಾಗ ಮಾಡಿ, ಒಂದೊಂದಕ್ಕೂ ಒಂದೊಂದು ನಕ್ಷತ್ರದ ಹೆಸರಿಟ್ಟರು. ಮಗು ಹುಟ್ಟಿದಾಗ ಚಂದ್ರ ಯಾವ ಭಾಗದಲ್ಲಿದ್ದನೋ ಅದೇ ಜನ್ಮನಕ್ಷತ್ರ. ಅದು ದಿನಗಳನ್ನು ಗುರುತಿಸುವ ಜಾಣ ಲೆಕ್ಕ, ಅಷ್ಟೆ. ಚಂದ್ರ ನಮ್ಮಿಂದ ಸುಮಾರು 3,84,000 ಕಿಲೋಮೀಟರ್ ದೂರದಲ್ಲಿದ್ದಾನೆ. ಅವನ ಹಿಂದೆ ಕಾಣುವ ಮೂಲಾ ನಕ್ಷತ್ರವೋ, ಬೆಳಕೇ ಬಂದು ತಲುಪಲು ನೂರಾರು ವರ್ಷ ಹಿಡಿಯುವಷ್ಟು ದೂರದಲ್ಲಿದೆ. ಮೇಲಾಗಿ, ಈ ಲೆಕ್ಕದಂತೆ ಹುಟ್ಟುವ ಮಕ್ಕಳಲ್ಲಿ ಇಪ್ಪತ್ತೇಳಕ್ಕೆ ಒಂದರಂತೆ ಮೂಲಾ ನಕ್ಷತ್ರದ್ದೇ ಆಗುತ್ತದೆ. ಅಷ್ಟೊಂದು ಮನೆಗಳಲ್ಲಿ ಮಾವಂದಿರು ಸೊಸೆಯ ನಕ್ಷತ್ರದಿಂದಲೇ ತೀರಿಕೊಂಡರೆಂದು ನಂಬಲಾದೀತೇ?

ಇನ್ನು ಆ ನಕ್ಷತ್ರದ ಹುಟ್ಟಿನ ಮಾತು. ಆಕಾಶದಲ್ಲಿ ತಾರೆ ತಾರೆಗಳ ನಡುವೆ ಬಯಲಿರುವಂತೆ ಕಂಡರೂ ಅದು ಪೂರ್ತಿ ಬರಿದಲ್ಲ. ಅಲ್ಲಲ್ಲಿ ಜಲಜನಕ ಮತ್ತು ಹೀಲಿಯಂ ಅನಿಲಗಳ ಮಹಾಮೇಘಗಳು ಹಬ್ಬಿಕೊಂಡಿವೆ. ಅವುಗಳ ತೂಕದಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ ಸೂಕ್ಷ್ಮ ಧೂಳು. ಈ ಮೇಘಗಳ ಒಡಲು ಶೂನ್ಯಕ್ಕಿಂತ ಸುಮಾರು 260 ಡಿಗ್ರಿ ಕೆಳಗಿನ ಘೋರ ಶೀತ. ಅಂಥ ಶೀತದಲ್ಲಿ ಅನಿಲಕ್ಕೆ ಹಿಗ್ಗುವ ಬಲ ಸಾಲದು. ಮೇಘದ ಯಾವುದೋ ಭಾಗ ಕೊಂಚ ದಟ್ಟವಾದರೆ ಸಾಕು, ತನ್ನ ಗುರುತ್ವಾಕರ್ಷಣೆಯಿಂದಲೇ ಒಳಗೊಳಗೆ ಕುಸಿಯತೊಡಗುತ್ತದೆ. ಹತ್ತಿರದಲ್ಲಿ ಹಿರಿಯ ತಾರೆಯೊಂದು ಸಿಡಿದರೆ ಅದರ ಒತ್ತಡವೂ ಈ ಕುಸಿತಕ್ಕೆ ಕಾರಣವಾಗುವುದುಂಟು.

ಕುಸಿಯುತ್ತ ಹೋದಂತೆ ಅದು ವೇಗವಾಗಿ ತಿರುಗುತ್ತದೆ. ಚಾಚಿದ ತೋಳನ್ನು ಮಡಚಿಕೊಂಡ ಕೂಡಲೆ ಗಿರಗಿರನೆ ಸುತ್ತುವ ಮಗುವಿನ ವೇಗ ಹೆಚ್ಚುವಂತೆ! ನಡುವಿನಲ್ಲಿ ಬಿಸಿಯ ಉಂಡೆ ಕಟ್ಟುತ್ತದೆ. ಉಳಿದ ಅನಿಲ ಮತ್ತು ಧೂಳು ಅದರ ಸುತ್ತ ರೊಟ್ಟಿಯಂತೆ ಚಪ್ಪಟೆಯಾದ ತಟ್ಟೆಯಾಗುತ್ತದೆ. ನಡುವಿನ ಶಾಖ ಸುಮಾರು ಒಂದು ಕೋಟಿ ಡಿಗ್ರಿ ಮುಟ್ಟಿದಾಗ ಜಲಜನಕದ ಪರಮಾಣುಬೀಜಗಳು ಬೆಸೆದು ಹೀಲಿಯಂ ಆಗತೊಡಗುತ್ತವೆ. ಆ ಬೆಸುಗೆಯಿಂದ ಹೊಮ್ಮುವ ಶಕ್ತಿಯೇ ಬೆಳಕು. ತಾರೆ ಹುಟ್ಟಿತು!

ತಟ್ಟೆಯಲ್ಲಿ ಉಳಿದ ಧೂಳಿನ ಕಥೆ ಗೃಹಿಣಿಯರಿಗೆ ಚೆನ್ನಾಗಿ ಅರ್ಥವಾದೀತು. ಗುಡಿಸದ ಮಂಚದಡಿಯಲ್ಲಿ ಧೂಳು ಧೂಳಿಗಂಟಿ ಉಂಡೆಯಾಗುವುದಿಲ್ಲವೇ? ಹಾಗೆಯೇ ಕಣ ಕಣ ಅಂಟಿ ಹರಳು, ಹರಳು ಕೂಡಿ ಬಂಡೆ, ಬಂಡೆಗಳು ಡಿಕ್ಕಿ ಹೊಡೆದು ಬೆರೆತು ಗ್ರಹ. ತಾರೆಯ ಸಮೀಪದ ಶಾಖದಲ್ಲಿ ಕಲ್ಲು ಮತ್ತು ಲೋಹ ಮಾತ್ರ ಉಳಿಯುವುದರಿಂದ ಬುಧ, ಶುಕ್ರ, ಭೂಮಿ, ಮಂಗಳಗಳು ಗಟ್ಟಿಯಾದವು. ದೂರದ ಚಳಿಯಲ್ಲಿ ಹಿಮವೂ ಉಳಿದು, ಅನಿಲವನ್ನೂ ಸೆಳೆದುಕೊಂಡು ಗುರು ಮತ್ತು ಶನಿ ದೈತ್ಯರಾದವು. ಆದರೂ ಸೌರಮಂಡಲದ ದ್ರವ್ಯದಲ್ಲಿ ನೂರಕ್ಕೆ 99.8 ಪಾಲು ಸೂರ್ಯನಲ್ಲೇ ಇದೆ. ಜನ ಅಂಜಿಕೊಳ್ಳುವ ಶನಿಯೂ ಆ ಮಹಾಕಾರ್ಯದಲ್ಲಿ ಮಿಕ್ಕುಳಿದ ಚೂರೇ!

ಈ ವಿಚಾರವನ್ನು ಜರ್ಮನ್ ತತ್ತ್ವಜ್ಞಾನಿ ಕಾಂಟ್ 1755ರಲ್ಲಿಯೂ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1796ರಲ್ಲಿಯೂ ಊಹೆಯಾಗಿ ಮುಂದಿಟ್ಟಿದ್ದರು. 2014ರಲ್ಲಿ ಚಿಲಿ ದೇಶದ ಅಟಕಾಮಾ ಮರುಭೂಮಿಯ ರೇಡಿಯೋ ದೂರದರ್ಶಕ ಸಮೂಹವು ಅದನ್ನು ಕಣ್ಣಿಗೇ ಕಾಣಿಸಿತು. ನಮ್ಮ ರೋಹಿಣಿ ನಕ್ಷತ್ರದ ದಿಕ್ಕಿನಲ್ಲಿ, ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿ ಎಳೆಯ ತಾರೆಯೊಂದಿದೆ. ಅದರ ಸುತ್ತ ಧೂಳಿನ ತಟ್ಟೆ, ತಟ್ಟೆಯಲ್ಲಿ ಉಂಗುರಗಳು, ಉಂಗುರಗಳ ನಡುವೆ ಕಪ್ಪು ಹಾದಿಗಳು. ಹುಟ್ಟುತ್ತಿರುವ ಗ್ರಹಗಳು ಧೂಳನ್ನು ಸೆಳೆದು ಮಾಡಿಕೊಂಡ ಹಾದಿಗಳಿವು ಎಂದು ಖಗೋಳಜ್ಞರು ಭಾವಿಸುತ್ತಾರೆ.

ಈಗ ಮೂಲಾ ನಕ್ಷತ್ರಕ್ಕೆ ಬರೋಣ. ವೃಶ್ಚಿಕದ ಬಾಲದ ತುದಿಯಲ್ಲಿ ಹೊಳೆಯುವ ಅದರ ಮುಖ್ಯ ತಾರೆ ಬರಿಗಣ್ಣಿಗೆ ಒಂದೇ ಚುಕ್ಕಿ. ನಿಜದಲ್ಲಿ ಅದು ಜೊತೆಯಾಗಿ ಸುತ್ತುವ ಮೂರು ತಾರೆಗಳ ಸಂಸಾರ. ಅವುಗಳಲ್ಲಿ ಹಿರಿದಾದುದರ ದ್ರವ್ಯ ಹತ್ತು ಸೂರ್ಯರಷ್ಟು ಅಥವಾ ಅದಕ್ಕೂ ಹೆಚ್ಚು. ಇಷ್ಟು ಭಾರದ ತಾರೆ ತನ್ನ ಇಂಧನವನ್ನು ದುಂದು ಮಾಡಿ ಬೇಗ ಮುಗಿಯುತ್ತದೆ. ಮೂರು ಕೋಟಿ ವರ್ಷಗಳಾಚೆ ಅದು ಬಾಳಲಾರದು. ನಮ್ಮ ಸೂರ್ಯ ಮತ್ತು ಭೂಮಿಗಾದರೋ ಸುಮಾರು 450 ಕೋಟಿ ವರ್ಷ ವಯಸ್ಸು. ಡೈನೋಸಾರ್‌ಗಳು ಅಳಿದದ್ದೇ 6.6 ಕೋಟಿ ವರ್ಷಗಳ ಹಿಂದೆ. ಅಂದರೆ ಆಗ ಆ ತಾರೆ ಹುಟ್ಟಿಯೇ ಇರಲಿಲ್ಲ! ನಮ್ಮ ಅಂಗಳದ ಮಣ್ಣಿನ ಮುಂದೆ ಮೂಲಾ ನಕ್ಷತ್ರ ತೊಟ್ಟಿಲ ಕೂಸು. ಆ ಕೂಸಿಗೆ ನಾವು ಅಂಜಿ, ಮನೆಗೆ ಬರಬೇಕಾದ ಮಗಳನ್ನು ಹೊರಗೆ ನಿಲ್ಲಿಸಿದ್ದೇವೆ.

ಇನ್ನೊಂದು ಸೋಜಿಗ ಕೇಳಿರಿ. ಅದೇ ಬಾಲದ ಬಳಿ, ಇನ್ನೂ ಬಹುದೂರದಲ್ಲಿ, ‘ಬೆಕ್ಕಿನ ಪಾದ’ವೆಂದು ಕರೆಯುವ ನೀಹಾರಿಕೆಯಿದೆ. 1837ರಲ್ಲಿ ಜಾನ್ ಹರ್ಷೆಲ್ ಅದನ್ನು ಗುರುತಿಸಿದನು. 2025ರ ಜುಲೈನಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೆಗೆದ ಅದರ ಚಿತ್ರ ಪ್ರಕಟವಾಯಿತು. ಅಲ್ಲಿ ಇಂದಿಗೂ ಧೂಳಿನ ಮರೆಯಲ್ಲಿ ಹೊಸ ತಾರೆಗಳು ಹುಟ್ಟುತ್ತಲೇ ಇವೆ. ಜನ ಸಾವಿಗೆ ಅಂಜುವ ದಿಕ್ಕಿನಲ್ಲಿ ಆಕಾಶದ ಹೆರಿಗೆಮನೆಯಿದೆ!

ಹಾಗಾದರೆ ನಕ್ಷತ್ರಗಳಿಗೂ ನಮಗೂ ಸಂಬಂಧವೇ ಇಲ್ಲವೇ? ಇದೆ, ಆದರೆ ಅದು ಪಂಚಾಂಗದ ಸಂಬಂಧವಲ್ಲ. ಸೂರ್ಯ ಹುಟ್ಟಿದ ಮೇಘದ ಧೂಳು, ಅದಕ್ಕೂ ಮೊದಲು ಬಾಳಿ ಅಳಿದ ತಾರೆಗಳ ಒಡಲಿನದು. ನೆತ್ತರಿನ ಕಬ್ಬಿಣ, ಎಲುಬಿನ ಸುಣ್ಣ, ಮಾಂಗಲ್ಯದ ಚಿನ್ನ ಎಲ್ಲವೂ ಆ ಮೇಘದಿಂದಲೇ ಬಂದವು. ಮಾವನ ಮೈಯ ಕಬ್ಬಿಣ ಬೇರೆ ಮೇಘದ್ದಲ್ಲ, ಸೊಸೆಯದು ಬೇರೆಯದಲ್ಲ. ದಿನ, ವಾರ, ನಕ್ಷತ್ರಗಳಲ್ಲಿ ಶುಭಾಶುಭ ಹುಡುಕುವುದನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಒಪ್ಪಲಿಲ್ಲ. ಅವರ ಹೆಸರು ಹೇಳುವ ಮನೆಗಳಲ್ಲಿ ಇಂದಿಗೂ ಇಂಥ ಉತ್ತರಗಳು ಹೊರಡುತ್ತಿರುವುದು ನಾವೆಲ್ಲರೂ ತಲೆತಗ್ಗಿಸಬೇಕಾದ ಸಂಗತಿ.

ಪತ್ರ ಬರೆದ ತಾಯಿಗೆ ನಮ್ಮ ವಿನಂತಿ: ಆಷಾಢ-ಶ್ರಾವಣದಲ್ಲಿ ಮೋಡ ಸರಿದ ರಾತ್ರಿ ಮಗಳೊಡನೆ ಮಾಳಿಗೆ ಹತ್ತಿರಿ. ದಕ್ಷಿಣದಲ್ಲಿ ಕೆಂಪಗೆ ಹೊಳೆಯುವ ಜ್ಯೇಷ್ಠಾ ನಕ್ಷತ್ರದಿಂದ ಕೆಳಗೆ ಕೊಂಡಿಯಂತೆ ಬಾಗಿದ ಬಾಲದ ತುದಿಯನ್ನು ತೋರಿಸಿರಿ. ಅವಳು ಅದನ್ನು ಅಂಜದೆ ನೋಡಲಿ. ಇನ್ನು ಗಂಡುಮಕ್ಕಳ ತಂದೆ-ತಾಯಿಗಳಿಗೆ ನಮ್ಮ ಮಾತು: ಮುಂದಿನ ಸಲ ಹೆಣ್ಣು ನೋಡಲು ಹೋದಾಗ ಹುಡುಗಿಯ ಗುಣವನ್ನು ಕೇಳಿರಿ, ಅವಳ ಒಪ್ಪಿಗೆಯನ್ನು ಕೇಳಿರಿ. ನಕ್ಷತ್ರವನ್ನು ಆಕಾಶಕ್ಕೇ ಬಿಟ್ಟುಬಿಡಿರಿ.