ಸುಡುವ ವೈರಿಗೆ ಕಂಬಳಿ ಹೊದಿಸುವವರು

ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಬರೆಯೋದು ಜಾವಾ. ಕಾರಿನ ಬಗ್ಗೆ ಬಾಯಿ ಬಿಟ್ಟರೆ "ಸಾಫ್ಟ್‌ವೇರ್‌ನವನಿಗೇನು ಗೊತ್ತು" ಅಂತಾರೆ. ಅನ್ನಲಿ ಬಿಡಿ. ಇವತ್ತು ಮಾತ್ರ ಸುಮ್ಮನಿರೋಕೆ ಆಗ್ತಿಲ್ಲ.

ಇಲ್ಲಿ ಮಿಷಿಗನ್‌ನಲ್ಲಿ ನನ್ನ ಪಕ್ಕದ ಸೀಟಿನವನ ಹತ್ತಿರ 1968ರ ಶೆವ್ರೊಲೆ ಕಮಾರೋ ಇದೆ. 327 ಘನ ಅಂಗುಲದ ವಿ8. ಅವನಪ್ಪ ಹೊಸದಾಗಿ ಕೊಂಡಿದ್ದ ಕಾರು, ಅಪ್ಪ ಈಗಿಲ್ಲ. ಕಳೆದ ಬೇಸಿಗೆಯಿಂದ ಅದರ ಏಳನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ವೈರು ಸುಡುತ್ತಲೇ ಇತ್ತು. ಗ್ಯಾರೇಜಿನವರು ಪ್ರತಿ ಸಲವೂ ಹಳೇ ಸೆಟ್ ಕಿತ್ತು, ಹೊಸ ಸೆಟ್ ಹಾಕಿ, ಅದರ ಮೇಲೆ ಹಿಂದಿನದಕ್ಕಿಂತ ದಪ್ಪದ ಫೈಬರ್‌ಗ್ಲಾಸ್ ಸ್ಲೀವ್ ತೊಡಿಸಿ ಬಿಲ್ ಕೈಗಿಟ್ಟರು. ಮೂರು ಸಲ! ಮೂರನೇ ಸಲ ಹೈವೇ ಮಧ್ಯದಲ್ಲಿ ಎಂಜಿನ್ ಜರ್ಕ್ ಹೊಡೆದಾಗ ಹಿಂದಿನ ಸೀಟಿನಲ್ಲಿ ಮಗಳಿದ್ದಳಂತೆ. ಮಾರನೇ ದಿನವೇ ಮಾರಾಟದ ಜಾಹೀರಾತು ಹಾಕಿದ.

ಬಚ್ಚಲ ಒಲೆ ಮುಂದೆ ಕೂತು ಚಳಿ ಕಾಯಿಸಿಕೊಂಡವರನ್ನ ಕೇಳಿ. ಶಾಖ ಜಾಸ್ತಿಯಾದರೆ ಯಾರಾದರೂ ಕಂಬಳಿ ಹೊದ್ದುಕೊಳ್ತಾರಾ? ಒಂದು ಗೇಣು ಹಿಂದೆ ಸರೀತಾರೆ, ಇಲ್ಲಾ ಮಧ್ಯೆ ಒಂದು ಮೊರ ಅಡ್ಡ ಹಿಡೀತಾರೆ. ಇಷ್ಟೇ ಸಾರ್ ವಿಷಯ.

ಎಕ್ಸಾಸ್ಟ್ ಪೈಪಿನಿಂದ ವೈರಿಗೆ ಬರೋ ಶಾಖದಲ್ಲಿ ದೊಡ್ಡ ಪಾಲು ವಿಕಿರಣದ್ದು. ಅದು ಏರೋದು ಕೆಲ್ವಿನ್ ಉಷ್ಣತೆಯ ನಾಲ್ಕನೇ ಘಾತದಲ್ಲಿ. ಪೈಪಿನ ಮೈ 250 ಡಿಗ್ರಿಯಿಂದ 500 ಡಿಗ್ರಿ ಸೆಲ್ಸಿಯಸ್‌ಗೆ ಹೋದರೆ ವಿಕಿರಣ ಎರಡು ಪಟ್ಟಲ್ಲ, ಹತ್ತಿರ ಹತ್ತಿರ ಐದು ಪಟ್ಟು. ಒಳ್ಳೆ ಸಿಲಿಕಾನ್ ವೈರು ಸತತವಾಗಿ ತಡೆಯೋದು ಇನ್ನೂರು ಚಿಲ್ಲರೆ ಡಿಗ್ರಿ. ವೈರಿಗೆ ತನ್ನೊಳಗಿನ ಬಿಸಿ ಹೊರಹಾಕಲು ನೀರಿಲ್ಲ, ಎಣ್ಣೆಯಿಲ್ಲ. ಹಾಗಾಗಿ ಬರೀ ದಪ್ಪ ಸ್ಲೀವ್ ಶಾಖವನ್ನ ತಡೆಯಲ್ಲ, ತಡಮಾಡುತ್ತೆ ಅಷ್ಟೇ. ಊರೊಳಗೆ ಹತ್ತು ನಿಮಿಷ ಓಡಿಸೋರಿಗೆ ಅದೇ ಸಾಕಾಗಬಹುದು, ಪೈಪಿಗೆ ತಾಗಿದಾಗ ತಕ್ಷಣ ಕರಗದಂತೆಯೂ ಕಾಯುತ್ತೆ, ಒಪ್ಪಿದೆ. ಎರಡು ಗಂಟೆ ಹೈವೇನಲ್ಲಿ ಓಡಿಸಿದರೆ ಒಳಗೂ ಹೊರಗೂ ಒಂದೇ ಬಿಸಿ. ಅದೇ ಒಂದು ಹೊಳೆಯುವ ತೆಳು ತಗಡು, ಎರಡೂ ಕಡೆ ಗಾಳಿಯಾಡೋ ಹಾಗೆ ಮಧ್ಯೆ ನಿಲ್ಲಿಸಿ ನೋಡಿ. ಬಿಸಿಯ ಬಹುಪಾಲು ಬಂದ ದಾರಿಯಲ್ಲೇ ವಾಪಸ್.

(ನಮ್ಮ ಹಳೇ ಪೆಟ್ರೋಲ್ ಅಂಬಾಸಡರ್‌ನಲ್ಲಿ ಈ ತಾಪತ್ರಯವೇ ಇರಲಿಲ್ಲ. ಅದರ ಬಿಎಂಸಿ ಎಂಜಿನ್ನಿಗೆ ಪ್ಲಗ್ ಒಂದು ಪಕ್ಕ, ಎಕ್ಸಾಸ್ಟ್ ಇನ್ನೊಂದು ಪಕ್ಕ. ಈ ಶೆವ್ರೊಲೆ ವಿ8ನಲ್ಲಿ ಎರಡೂ ಒಂದೇ ಕಡೆ, ಅಕ್ಕಪಕ್ಕ.)

ಇದಕ್ಕಿಂತ ಸಿಟ್ಟು ಬರಿಸೋದು ಇನ್ನೊಂದಿದೆ. ನೋಡೋಕೆ ನೀಟಾಗಿರಲಿ ಅಂತ ಎಲ್ಲಾ ವೈರನ್ನೂ ಸೇರಿಸಿ ಜಡೆ ಹೆಣೆದ ಹಾಗೆ ಒಂದೇ ಸ್ಲೀವಿನಲ್ಲಿ ತುರುಕೋದು! ಈ ಎಂಜಿನ್ನಿನ ಫೈರಿಂಗ್ ಆರ್ಡರ್ 1-8-4-3-6-5-7-2. ಐದಾದ ಮೇಲೆ ಏಳು. ಎರಡೂ ಒಂದೇ ಸಾಲಿನಲ್ಲಿ ಅಕ್ಕಪಕ್ಕದ ಸಿಲಿಂಡರುಗಳು. ಆ ಎರಡು ವೈರು ಒಂದಕ್ಕೊಂದು ಅಂಟಿಕೊಂಡು ಉದ್ದಕ್ಕೆ ಹೋದರೆ, ಐದರ ಕಿಡಿ ಏಳರ ವೈರಿನಲ್ಲೂ ವೋಲ್ಟೇಜ್ ಹುಟ್ಟಿಸಿ ಅದು ಹೊತ್ತಿಗೆ ಮುಂಚೆ ಹೊತ್ತಿಕೊಳ್ಳಬಹುದು. ಬಿಸಿಯಿಂದ ಉಳಿಸ್ತೀವಿ ಅಂತ ಪಿಸ್ಟನ್ನಿಗೇ ಸುತ್ತಿಗೆ ಏಟು.

"ಕಂಪನಿಯವರೇ ಹಳೇ ಕಾರ್ವೆಟ್‌ನಲ್ಲಿ ವೈರು ಮುಚ್ಚಿದ್ದರಲ್ಲ" ಅಂತ ವಾದ ಮಾಡೋರೂ ಇದ್ದಾರೆ. ಅಯ್ಯೋ, ಅದು ರೇಡಿಯೋಗೋಸ್ಕರ ಮಾರಾಯ್ರೆ! ಕಾರ್ವೆಟ್‌ನ ಮೈ ಫೈಬರ್‌ಗ್ಲಾಸ್. ಉಕ್ಕಿನ ಬಾನೆಟ್ ಹಾಗೆ ಅದು ಕಿಡಿಯ ಗದ್ದಲವನ್ನ ತಡೆಯಲ್ಲ. ಅದಕ್ಕೇ ಲೋಹದ ಮುಚ್ಚಳ.

ಇರಲಿ. ಎಂಟರಲ್ಲಿ ಒಂದೇ ವೈರು ಯಾಕೆ ಸುಡಬೇಕು? ಮೂರು ಬಿಲ್ ಬರೆದವರಿಗೆ ಹೊಳೆಯದ ಪ್ರಶ್ನೆ ಇದು. ಟೈಮಿಂಗ್ ತಡವಾಗಿದ್ದರೆ ಎಕ್ಸಾಸ್ಟ್ ಬಿಸಿಯಾಗುತ್ತೆ, ನಿಜ, ಆದರೆ ಎಂಟೂ ಬಿಸಿಯಾಗಬೇಕು. ಒಂದೇ ಕಡೆ ಅಂದರೆ ಕಾರಣವೂ ಅಲ್ಲೇ ಇರಬೇಕು. ಕೋಡ್ ಡೀಬಗ್ ಮಾಡೋರು ಮೊದಲ ದಿನವೇ ಕಲಿಯೋ ಪಾಠ.

ಹೋದ ಶನಿವಾರ ಅವನ ಮನೆಗೆ ಹೋಗಿ ಎಂಜಿನ್ ತಣ್ಣಗಿದ್ದಾಗ ಟಾರ್ಚ್ ಬಿಟ್ಟು ನೋಡಿದೆ. ಏಳನೇ ಪೋರ್ಟಿನ ಹತ್ತಿರ, ಹೆಡರ್ ತಲೆಗೆ ಕೂರೋ ಜಾಗದಲ್ಲಿ, ಕಪ್ಪು ಮಸಿ. ಗ್ಯಾಸ್ಕೆಟ್ ಒಡೆದು ಬೆಂಕಿಯಂಥ ಹೊಗೆ ನೇರವಾಗಿ ವೈರಿನ ಬೂಟಿಗೇ ಬಡೀತಿತ್ತು. ಅದಕ್ಕೆ ಎಷ್ಟು ಸ್ಲೀವ್ ಹೊದಿಸಿದರೇನು?

ಹೊಸ ಗ್ಯಾಸ್ಕೆಟ್ ಹಾಕಿದ್ವಿ. ಸ್ಲೀವೆಲ್ಲ ಕಿತ್ತು, ವೈರುಗಳನ್ನ ಬೇರೆ ಬೇರೆ ಕ್ಲಿಪ್ಪಿನಲ್ಲಿ ಕೂರಿಸಿ, ಪೈಪಿನಿಂದ ಎರಡು ಬೆರಳು ದೂರ ಎಳೆದು, ಮಧ್ಯೆ ಅಲ್ಯೂಮಿನಿಯಂ ತಗಡು ನಿಲ್ಲಿಸಿದ್ವಿ. ಭಾನುವಾರ ನೂರು ಮೈಲಿ ಓಡಿಸಿದ. ವೈರು ಸರಿಯಾಗಿದೆ. ಜಾಹೀರಾತು ಇನ್ನೂ ತೆಗೆದಿಲ್ಲ, ಇನ್ನೊಂದು ವಾರ ಓಡಿಸಿ ನೋಡ್ತಾನಂತೆ.