ಬಾವುಟ ಅಲ್ಲಾಡಿತಂತೆ!

ನಮ್ಮ ಆಫೀಸಿನಲ್ಲಿ ಮಧ್ಯಾಹ್ನದ ಊಟದ ಟೇಬಲ್ ಅಂದ್ರೆ ಒಂದು ವಿಶ್ವವಿದ್ಯಾಲಯ. ಷೇರು ಮಾರ್ಕೆಟ್ಟಿನಿಂದ ಹಿಡಿದು ಕೀಟೋ ಡಯಟ್ಟಿನವರೆಗೆ ಎಲ್ಲದಕ್ಕೂ ಅಲ್ಲಿ ಪ್ರೊಫೆಸರುಗಳಿದ್ದಾರೆ. ಮೊನ್ನೆ ಚಂದ್ರನ ವಿಷಯ ಬಂತು. ಪಕ್ಕದಲ್ಲಿ ಕೂತಿದ್ದ ಗೆಳೆಯ ಚಪಾತಿ ಮುರೀತಾ, ತುಂಬಾ ಸಹಜವಾಗಿ ಹೇಳಿದ: "ಅಯ್ಯೋ, ಅಮೆರಿಕದೋರು ಚಂದ್ರನ ಮೇಲೆ ಹೋಗೇ ಇಲ್ಲ ಗುರು. ಎಲ್ಲ ಸ್ಟುಡಿಯೋದಲ್ಲಿ ಶೂಟ್ ಮಾಡಿದ್ದು. ಬಾವುಟ ಅಲ್ಲಾಡತ್ತೆ, ನೋಡಿಲ್ವಾ? ಅಲ್ಲಿ ಗಾಳಿ ಎಲ್ಲಿಂದ ಬಂತು?"

ಇವನೇನು ಓದುಬರಹ ಬಾರದವನಲ್ಲ. ಎಂಜಿನಿಯರಿಂಗ್ ಮುಗಿಸಿ ಹನ್ನೆರಡು ವರ್ಷ ಆಗಿದೆ. ಪ್ರೊಡಕ್ಷನ್ನಿನಲ್ಲಿ ಒಂದು ಬಗ್ ಬಂದರೆ ಲಾಗ್ ಫೈಲಿನ ಒಂದೊಂದು ಸಾಲನ್ನೂ ಓದದೆ ಯಾರ ಮಾತನ್ನೂ ನಂಬದ ಮನುಷ್ಯ. ಚಂದ್ರನ ವಿಷಯಕ್ಕೆ ಮಾತ್ರ ಅವನಿಗೆ ನಾಲ್ಕು ನಿಮಿಷದ ಒಂದು ವಿಡಿಯೋ ಸಾಕಾಗಿತ್ತು.

ನಾನೂ ಸುಮ್ಮನಿರಲಿಲ್ಲ. ಬಾವುಟ ಜೋತುಬೀಳದ ಹಾಗೆ ಅದರ ಮೇಲಂಚಿಗೆ ಒಂದು ಅಡ್ಡಕೋಲು ಹಾಕಿದ್ರು, ಕಂಬವನ್ನ ನೆಲಕ್ಕೆ ತಿರುಚಿ ತಿರುಚಿ ನೆಡುವಾಗ ಬಟ್ಟೆ ಅಲ್ಲಾಡಿತು, ಅದನ್ನ ತಡೆದು ನಿಲ್ಲಿಸೋಕೆ ಅಲ್ಲಿ ಗಾಳಿ ಇಲ್ಲ ಅಂದೆ. "ಸರಿ, ಆಕಾಶದಲ್ಲಿ ನಕ್ಷತ್ರ ಯಾಕಿಲ್ಲ?" ಅಂದ. ಬಿಸಿಲಿಗೆ ಹೊಳೆಯೋ ನೆಲದ ಫೋಟೋ ತೆಗೆಯುವಾಗ ಮಂಕು ನಕ್ಷತ್ರ ಮೂಡಲ್ಲ, ಚಿನ್ನಸ್ವಾಮಿ ಸ್ಟೇಡಿಯಮ್ಮಿನ ರಾತ್ರಿ ಮ್ಯಾಚಿನ ಫೋಟೋದಲ್ಲಿ ನಕ್ಷತ್ರ ಹುಡುಕಿ ತೋರಿಸು ಅಂದೆ. ಅದಕ್ಕೂ ಒಂದು ಕ್ಷಣ ನಿಲ್ಲಲಿಲ್ಲ. "ಹಾಗಾದ್ರೆ 1972ರ ಮೇಲೆ ಯಾಕೆ ಇಳೀಲಿಲ್ಲ?"

ಆಗ ನನಗೆ ಹೊಳೆಯಿತು. ಇವನು ಪ್ರಶ್ನೆ ಕೇಳ್ತಾ ಇಲ್ಲ. ಕೇಳೋವ್ನಾಗಿದ್ರೆ ಉತ್ತರಕ್ಕೆ ಕಾಯ್ತಾ ಇದ್ದ.

ಉತ್ತರಗಳಿಗೇನು ಬರ ಇಲ್ಲ. 1969ರಿಂದ 1972ರವರೆಗೆ ಹನ್ನೆರಡು ಜನ ಚಂದ್ರನ ಮೇಲೆ ನಡೆದಾಡಿದರು, ಒಟ್ಟು 382 ಕಿಲೋ ಕಲ್ಲುಮಣ್ಣು ತಂದರು. ಆ ಮಾದರಿಗಳ ಮೇಲೆ ಬೇರೆ ಬೇರೆ ದೇಶದ ಪ್ರಯೋಗಾಲಯಗಳು ಕೆಲಸ ಮಾಡಿವೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ದೇವೇಂದ್ರ ಲಾಲ್ ಅವರ ತಂಡವೂ ಮಾಡಿದೆ. ಅಲ್ಲಿಟ್ಟು ಬಂದ ಪ್ರತಿಫಲಕಗಳಿಗೆ ಇವತ್ತಿಗೂ ಭೂಮಿಯಿಂದ ಲೇಸರ್ ಹಾಯಿಸಿ ದೂರ ಅಳೀತಾರೆ. ನಮ್ಮದೇ ಚಂದ್ರಯಾನ-2ರ ಆರ್ಬಿಟರ್ ಅಪೋಲೊ 11 ಇಳಿದ ಜಾಗದ ಫೋಟೋ ತೆಗೆದಿದೆ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ರಷ್ಯಾದವರು. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲಿದ್ದಾಗಲೇ ಅವರ ಲೂನಾ 15 ನೌಕೆಯೂ ಅಲ್ಲೇ ಸುತ್ತುತ್ತಿತ್ತು, ಮಾರನೇ ದಿನ ಅಪ್ಪಳಿಸಿ ಪುಡಿಯಾಯಿತು. ಸೋತು ಮುಖಭಂಗ ಮಾಡಿಕೊಂಡಿದ್ದವರಿಗೆ ಎದುರಾಳಿಯದು ನಾಟಕ ಅನ್ನೋ ಸಣ್ಣ ಸುಳಿವು ಸಿಕ್ಕಿದ್ದರೂ ಜಗತ್ತಿಗೆಲ್ಲ ಡಂಗುರ ಹೊಡೀತಿರಲಿಲ್ವಾ? ಇನ್ನು ಮತ್ತೆ ಯಾಕೆ ಇಳೀಲಿಲ್ಲ ಅನ್ನೋದಕ್ಕೆ ಉತ್ತರ ಸರಳ: ರೇಸು ಗೆದ್ದಾಗಿತ್ತು, ದುಡ್ಡು ಕೊಡೋರಿಗೆ ಆಸಕ್ತಿ ಹೋಗಿತ್ತು.

ಇಷ್ಟೆಲ್ಲ ಗೂಗಲ್ಲಿನಲ್ಲಿ ಎರಡು ನಿಮಿಷಕ್ಕೆ ಸಿಗತ್ತೆ. ಹಾಗಿದ್ದೂ ನಂಬ್ತಾರೆ ಅಂದ್ರೆ ಕಾರಣ ಮಾಹಿತಿಯ ಕೊರತೆ ಅಲ್ಲ.

ಒಂದು ಕಾರಣಕ್ಕೆ ನಾನು ಮರ್ಯಾದೆ ಕೊಡ್ತೀನಿ. ಈ ಕತೆ ಹುಟ್ಟಿದ ಕಾಲ ನೋಡಿ. ಹಿಂದೆ ರಾಕೆಟ್ ಎಂಜಿನ್ ಕಂಪನಿಯೊಂದರಲ್ಲಿ ಬರವಣಿಗೆ ಕೆಲಸ ಮಾಡುತ್ತಿದ್ದ ಬಿಲ್ ಕೇಸಿಂಗ್ ಅನ್ನೋರು, ಚಂದ್ರನ ಮೇಲೆ ಹೋಗಲೇ ಇಲ್ಲ ಅಂತ 1976ರಲ್ಲಿ ಸ್ವಂತ ದುಡ್ಡಲ್ಲಿ ಪುಸ್ತಕ ಹಾಕಿಸಿದರು. ಅದಕ್ಕೆ ಐದು ವರ್ಷ ಮುಂಚೆ ವಿಯೆಟ್ನಾಂ ಯುದ್ಧದ ಬಗ್ಗೆ ಸರ್ಕಾರ ಹೇಳಿದ್ದ ಸುಳ್ಳುಗಳು ಪೆಂಟಗನ್ ಪೇಪರ್ಸ್ ಮೂಲಕ ಹೊರಬಿದ್ದಿದ್ದವು. ಎರಡು ವರ್ಷ ಮುಂಚೆ ವಾಟರ್‌ಗೇಟ್ ಹಗರಣದಲ್ಲಿ ನಿಕ್ಸನ್ ಕುರ್ಚಿ ಬಿಟ್ಟಿದ್ದರು. ಮನೆಯ ಯಜಮಾನ ಎರಡು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದ ಮೇಲೆ, ಮೂರನೇ ಸಲ ನಿಜ ಹೇಳಿದರೂ ನಂಬೋರು ಯಾರು?

ಆದರೆ ನಮ್ಮ ಊಟದ ಟೇಬಲ್ಲಿನ ಪ್ರೊಫೆಸರಿಗೆ ವಿಯೆಟ್ನಾಮಿನ ಗಾಯ ಇಲ್ಲ. ಅವನದು ಬೇರೆ ಕಾಯಿಲೆ. ರಾಕೆಟ್ ಹೇಗೆ ಚಂದ್ರನನ್ನು ತಲುಪುತ್ತೆ ಅಂತ ಅರ್ಥ ಮಾಡಿಕೊಳ್ಳೋಕೆ ಪುಸ್ತಕ ಹಿಡಿದು ಕೂರಬೇಕು, ಲೆಕ್ಕ ಮಾಡಬೇಕು, ನನಗೆ ಗೊತ್ತಾಗ್ತಿಲ್ಲ ಅಂತ ನಾಕು ಸಲ ಒಪ್ಪಿಕೊಳ್ಳಬೇಕು. "ಎಲ್ಲ ಬೋಗಸ್" ಅನ್ನೋಕೆ ಒಂದು ವಾರೆನಗು ಸಾಕು. ಅಪೋಲೊಗೆ ದುಡಿದ ನಾಲ್ಕು ಲಕ್ಷ ಜನರಿಗಿಂತ ಆ ಕ್ಷಣಕ್ಕೆ ನೀನೇ ಬುದ್ಧಿವಂತ. ಖರ್ಚಿಲ್ಲದೆ ಸಿಗೋ ದೊಡ್ಡಸ್ತಿಕೆ ಯಾರಿಗೆ ಬೇಡ ಹೇಳಿ?

ತಮಾಷೆ ಏನಪ್ಪಾ ಅಂದ್ರೆ, ಇದೇ ಮನುಷ್ಯ ದೀಪಾವಳಿ ಬಂದ ಕೂಡಲೇ "ನಾಸಾ ತೆಗೆದ ಭಾರತದ ದೀಪಾವಳಿ ಫೋಟೋ" ಅಂತ ಬಣ್ಣಬಣ್ಣದ ಚಿತ್ರ ಗ್ರೂಪಿಗೆ ಹಾಕ್ತಾನೆ. ಅದು ಒಂದು ರಾತ್ರಿಯ ಫೋಟೋನೇ ಅಲ್ಲ, ಹಲವು ವರ್ಷಗಳ ಬೆಳಕನ್ನ ಬೇರೆ ಬೇರೆ ಬಣ್ಣದಲ್ಲಿ ತೋರಿಸೋಕೆ ಮಾಡಿದ ನಕ್ಷೆ. ಸೂರ್ಯನಿಂದ ಓಂಕಾರ ಬರೋದನ್ನ ನಾಸಾ ರೆಕಾರ್ಡ್ ಮಾಡಿದೆ ಅನ್ನೋ ವಿಡಿಯೋನೂ ಅವನದೇ ಕೃಪೆ. ಅಂದ್ರೆ ನಾಸಾ ಚಂದ್ರನ ಮೇಲೆ ಹೋದೆ ಅಂದ್ರೆ ಸುಳ್ಳು. ನಾಸಾ ಹೇಳದೇ ಇರೋದು ಮಾತ್ರ ನಿಜ. ಇದನ್ನ ಅನುಮಾನ ಅಂತಾರಾ? ಇದು ತನಗೆ ಖುಷಿ ಕೊಡೋದನ್ನ ನಂಬೋದು, ಅಷ್ಟೆ.

"ಹೋಗ್ಲಿ ಬಿಡಿ, ಒಬ್ಬ ನಂಬಿದರೆ ಚಂದ್ರನಿಗೇನು ನಷ್ಟ?" ಅಂತ ನೀವು ಕೇಳಬಹುದು. ಚಂದ್ರನಿಗೆ ನಷ್ಟ ಇಲ್ಲ, ನಿಜ. ಮನುಷ್ಯರಿಗೆ ಆಗತ್ತೆ. ಅದಕ್ಕೆ ಅಮೆರಿಕದವರೆಗೆ ಹೋಗೋದೇ ಬೇಡ.

1994ರ ನವೆಂಬರ್ 30ರಂದು ಕೇರಳ ಪೊಲೀಸರು ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನ ಬಂಧಿಸಿದರು. ಕ್ರಯೋಜೆನಿಕ್ ಎಂಜಿನ್ನಿನ ರಹಸ್ಯವನ್ನ ಮಾಲ್ಡೀವ್ಸಿನ ಇಬ್ಬರು ಹೆಂಗಸರ ಮೂಲಕ ಪಾಕಿಸ್ತಾನಕ್ಕೆ ಮಾರಿದರು ಅನ್ನೋದು ಆರೋಪ. ಹೆಣ್ಣು, ಹಣ, ರಾಕೆಟ್ಟು, ಪಾಕಿಸ್ತಾನ. ಇನ್ನೇನು ಬೇಕು? ಪತ್ರಿಕೆಗಳು ತಿಂಗಳುಗಟ್ಟಲೆ ಧಾರಾವಾಹಿ ಬರೆದವು. ಆಗ ವಾಟ್ಸಾಪ್ ಇರಲಿಲ್ಲ. ಆದರೂ ಕತೆ ಊರೂರಿಗೆ ಮುಟ್ಟಿತು.

ಯಾರೂ ಕೇಳದ ಒಂದೇ ಒಂದು ಪ್ರಶ್ನೆ ಇತ್ತು. ಆ ತಂತ್ರಜ್ಞಾನ ಆಗ ನಮ್ಮ ಹತ್ತಿರ ಇತ್ತಾ? ಇರಲಿಲ್ಲ. ಕೊಡ್ತೀವಿ ಅಂದಿದ್ದ ರಷ್ಯಾ, ಅಮೆರಿಕದ ಒತ್ತಡಕ್ಕೆ 1993ರಲ್ಲಿ ಹಿಂದೆ ಸರಿದಿತ್ತು. ಸ್ವದೇಶಿ ಕ್ರಯೋಜೆನಿಕ್ ಎಂಜಿನ್ ಕಟ್ಟಿಕೊಂಡ ಜಿಎಸ್‌ಎಲ್‌ವಿ ಮೊದಲ ಸಲ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ಇಲ್ಲದ ಎಮ್ಮೆಯ ಹಾಲು ಮಾರಿದ ಅಂತ ಒಬ್ಬ ಮನುಷ್ಯನನ್ನ ಐವತ್ತು ದಿನ ಜೈಲಿನಲ್ಲಿ ಇಟ್ಟರು.

ಆರೋಪಗಳಲ್ಲಿ ಹುರುಳಿಲ್ಲ ಅಂತ 1996ರಲ್ಲಿ ಸಿಬಿಐ ಹೇಳಿತು. ಐವತ್ತು ಲಕ್ಷ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 14ರಂದು. ಅದೇ ಕೇಸಿನಲ್ಲಿ ಸಿಕ್ಕಿಸಿಕೊಂಡಿದ್ದ ಬೆಂಗಳೂರಿನ ಉದ್ಯಮಿ ಚಂದ್ರಶೇಖರ್ ತೀರ್ಪು ಬಂದ ಎರಡೇ ದಿನಕ್ಕೆ ತೀರಿಕೊಂಡರು. ಇಪ್ಪತ್ನಾಲ್ಕು ವರ್ಷ! ಅವತ್ತು ಪೇಪರ್ ಓದಿ "ಬೆಂಕಿ ಇಲ್ಲದೆ ಹೊಗೆ ಆಡತ್ತಾ" ಅಂದವರಲ್ಲಿ ಎಷ್ಟು ಜನ ವಾಪಸ್ ಬಂದು ಕ್ಷಮೆ ಕೇಳಿದರು? ಅವರೆಲ್ಲ ದಡ್ಡರೂ ಅಲ್ಲ, ಕೆಟ್ಟವರೂ ಅಲ್ಲ. ನಮ್ಮ ನಿಮ್ಮ ಅಪ್ಪ ಅಮ್ಮಂದಿರೇ.

ಹಾಗಂತ ಇಸ್ರೋ ಹೇಳಿದ್ದಕ್ಕೆಲ್ಲ ತಲೆ ಆಡಿಸಿ ಅಂತ ನಾನು ಹೇಳ್ತಿಲ್ಲ. 2019ರ ಸೆಪ್ಟೆಂಬರಿನಲ್ಲಿ ವಿಕ್ರಮ್ ಲ್ಯಾಂಡರಿನ ಸಂಪರ್ಕ ಕಡಿದಾಗ ಏನಾಯ್ತು ಅಂತ ಬಾಯಿಬಿಟ್ಟು ಹೇಳೋಕೆ ಇಸ್ರೋ ತುಂಬಾ ದಿನ ತಗೊಂಡಿತು. ವೈಫಲ್ಯದ ಪೂರ್ತಿ ವರದಿ ಸಾರ್ವಜನಿಕರ ಕೈಗೆ ಬರಲೇ ಇಲ್ಲ. ಪಿತೂರಿ ಕತೆಗಳಿಗೆ ಇಂಥ ಮೌನಕ್ಕಿಂತ ಒಳ್ಳೆ ಗೊಬ್ಬರ ಇನ್ನೊಂದಿಲ್ಲ.

ಆದರೆ ಆ ಮೌನವನ್ನ ಒಬ್ಬರು ಹೇಗೆ ಎದುರಿಸಿದರು ನೋಡಿ. ಚೆನ್ನೈನ ಷಣ್ಮುಗ ಸುಬ್ರಮಣಿಯನ್, ನಮ್ಮ ಹಾಗೇ ಒಬ್ಬ ಐಟಿ ನೌಕರ. "ಏನೋ ಮುಚ್ಚಿಡ್ತಿದ್ದಾರೆ" ಅಂತ ಸ್ಟೇಟಸ್ ಹಾಕಿ ಮಲಗಲಿಲ್ಲ. ನಾಸಾದ ಆರ್ಬಿಟರ್ ತೆಗೆದ ಫೋಟೋಗಳು ಎಲ್ಲರಿಗೂ ಸಿಗುವಂತೆ ಇದ್ದವು. ಮುಂಚಿನದು, ನಂತರದ್ದು ಪಕ್ಕ ಪಕ್ಕ ಇಟ್ಟುಕೊಂಡು ಚುಕ್ಕಿ ಚುಕ್ಕಿ ಹೋಲಿಸಿದರು. ಮೊದಲು ಇಲ್ಲದ ಒಂದು ಚುಕ್ಕಿ ಕಂಡಿತು. ನಾಸಾಗೆ ಬರೆದರು. ಅವರು ಪರೀಕ್ಷೆ ಮಾಡಿ, ಹೌದು, ಇದು ವಿಕ್ರಮ್‌ನದೇ ಚೂರು ಅಂತ ಡಿಸೆಂಬರಿನಲ್ಲಿ ಪ್ರಕಟಿಸಿದರು.

ಅನುಮಾನ ಪಡೋದು ಅಂದ್ರೆ ಇದು. ಅದಕ್ಕೆ ನಿದ್ದೆ ಕೆಡಬೇಕು, ನಾನೇ ತಪ್ಪಿರಬಹುದು ಅನ್ನೋ ಭಯ ಇರಬೇಕು, ಇನ್ನೊಬ್ಬರು ಪರೀಕ್ಷೆ ಮಾಡಲಿ ಅಂತ ಮುಂದಿಡೋ ಧೈರ್ಯ ಬೇಕು. ಬಾವುಟ ಅಲ್ಲಾಡಿತು ಅನ್ನೋಕೆ ಇದ್ಯಾವುದೂ ಬೇಡ.

ಇಷ್ಟೂ ನಾನು ಅವತ್ತು ಹೇಳಲಿಲ್ಲ. ಊಟದ ಟೈಮ್ ಮುಗಿದಿತ್ತು. ಕೈ ತೊಳೆಯುವಾಗ ಒಂದೇ ಕೇಳಿದೆ: "ಏನು ತೋರಿಸಿದರೆ ನೀನು ನಂಬ್ತೀಯಾ, ಅದನ್ನ ಹೇಳು." ಸ್ವಲ್ಪ ಹೊತ್ತು ಯೋಚಿಸಿದ. "ಗೊತ್ತಿಲ್ಲ ಗುರು" ಅಂದ. ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ನನಗಂತೂ ತುಂಬಾ ಸಂತೋಷ ಆಯ್ತು.